ಆಂಗ್ಲೋ-ಸ್ಯಾಕ್ಸನ್ನರು ವಯಸ್ಸನ್ನ ಚಳಿಗಾಲದಲ್ಲಿ ಎಣಿಸ್ತಿದ್ರಂತೆ, ಯಾಕೆ?

ಟೈನ್_ತೀರದವಳು
ನಾನಿರೋದು ನ್ಯೂಕಾಸಲ್ ಹತ್ರ. ಇಲ್ಲಿ ನನಗಿದು ಎರಡನೇ ಡಿಸೆಂಬರ್. ಬೆಳಗ್ಗೆ ಎಂಟೂವರೆಗೆ ಸೂರ್ಯ ಕಣ್ಣು ಬಿಡ್ತಾನೆ, ಮಧ್ಯಾಹ್ನ 3:40ಕ್ಕೆ ಮುಳುಗಿ ಆಯ್ತು. ಅಮ್ಮ ಫೋನ್ ಮಾಡಿ "ಇಷ್ಟು ಬೇಗ ಯಾಕೆ ದೀಪ ಹಾಕಿದ್ದೀಯ" ಅಂತ ಕೇಳ್ತಾಳೆ, ಏನು ಹೇಳಲಿ.

ಹೋದ ಭಾನುವಾರ ಜಾರೋಗೆ ಹೋಗಿದ್ದೆ. ಬೀಡ್ ಅನ್ನೋ ಸನ್ಯಾಸಿ ಬದುಕಿದ್ದ ಮಠದ ಜಾಗ. ಚರ್ಚಿನ ಒಂದು ಭಾಗ ಅವನ ಕಾಲದ್ದೇ, 685ರ ಪ್ರತಿಷ್ಠಾಪನಾ ಶಾಸನ ಗೋಡೆಯಲ್ಲಿ ಇನ್ನೂ ಇದೆ. ಕಲ್ಲಿನ ಒಳಗೆ ನಿಂತ್ರೆ ಜಾಕೆಟ್ ಮೇಲೆ ಜಾಕೆಟ್ ಹಾಕಿದ್ರೂ ನಡುಕ. ಇವರು ಇಲ್ಲಿ ಕೂತು ಪುಸ್ತಕ ಬರೆದ್ರಾ ಅನ್ನಿಸ್ತು.

ಮನೆಗೆ ಬಂದು ಆಂಗ್ಲೋ-ಸ್ಯಾಕ್ಸನ್ನರ, ಅಂದ್ರೆ ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲೆಂಡಿನವರ, ಹಳೇ ಇಂಗ್ಲಿಷ್ ಪದ್ಯಗಳ ಅನುವಾದ ಓದೋಕೆ ಶುರು ಮಾಡ್ದೆ. ತಲೆಯಲ್ಲಿ ಗೊಂದಲ. ‘ಬೇವುಲ್ಫ್’ ಕಾವ್ಯದಲ್ಲಿ ನಾಯಕ ಬೇವುಲ್ಫ್ ಐವತ್ತು "ಚಳಿಗಾಲ" ಆಳಿದ, ರಾಕ್ಷಸ ಗ್ರೆಂಡೆಲ್ ಹನ್ನೆರಡು "ಚಳಿಗಾಲ" ಕಾಟ ಕೊಟ್ಟ ಅಂತೆಲ್ಲ ಇದೆ. ವರ್ಷ ಅನ್ನೋ ಪದ ಇರಲಿಲ್ವಾ ಇವರ ಹತ್ರ? ಇನ್ನೊಂದು, ವಸಂತ ಬಂದ್ರೂ ಇವರಿಗೆ ಖುಷಿ ಇಲ್ಲ. ‘ಸೀಫೇರರ್’ (ಕಡಲಯಾನಿ) ಪದ್ಯದಲ್ಲಿ ಕೋಗಿಲೆ ಅಳುದನಿಯಲ್ಲಿ ಕೂಗುತ್ತೆ! ಕ್ರೈಸ್ತರಾದ ಮೇಲೆ ಬರೆದ ಪದ್ಯಗಳು ಇವು, ಆದ್ರೂ ಒಳಗೆ ಬೇರೇನೋ ಹಳೇದು ಇರೋ ಹಾಗೆ ಕಾಣುತ್ತೆ. ತಿಳಿದವರು ಹೇಳಿ.

ಮಳೆಬಿಲ್ಲು
ಅಕ್ಕ, 3:40ಕ್ಕೆ ಸೂರ್ಯಾಸ್ತ ಆದ್ರೆ ನಾನೂ ಗೋಳಾಡ್ತಾನೇ ಪದ್ಯ ಬರೀತೀನಿ.

ಹಳೇಕಡತ
"ವರ್ಷ" ಎಂಬ ಪದ ಅವರಲ್ಲಿತ್ತು, ಇಂದಿನ ‘ಇಯರ್’ ಅದೇ. ಆದರೆ ಬಾಳಿದ ಕಾಲವನ್ನು ಎಣಿಸುವಾಗ "ವಿಂಟರ್" ಹೆಚ್ಚು ಹಿಡಿಸುತ್ತಿತ್ತು. ಚಳಿಗಾಲ ದಾಟಿದವನಿಗೆ ಒಂದು ವರ್ಷ ಹೆಚ್ಚಾಯಿತು, ಅಷ್ಟೇ ಲೆಕ್ಕ.

ನೀವು ನೋಡಿಬಂದ ಬೀಡ್ 725ರಲ್ಲಿ ಕಾಲಗಣನೆಯ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಗ್ರಂಥ ಬರೆದ. ಅದರ ಹದಿನೈದನೇ ಅಧ್ಯಾಯದಲ್ಲಿ ತನ್ನ ಜನರ ಹಳೆಯ ತಿಂಗಳುಗಳ ಪಟ್ಟಿಯಿದೆ. ಅವನ ಪ್ರಕಾರ ಹಿಂದಿನವರಿಗೆ ಇದ್ದದ್ದು ಎರಡೇ ಕಾಲ: ಹಗಲು ದೊಡ್ಡದಿರುವ ಆರು ತಿಂಗಳು ಬೇಸಿಗೆ, ರಾತ್ರಿ ದೊಡ್ಡದಿರುವ ಆರು ತಿಂಗಳು ಚಳಿಗಾಲ. ಅಕ್ಟೋಬರಿನ ಹುಣ್ಣಿಮೆಯಿಂದ ಚಳಿಗಾಲ ಶುರು. ಆ ತಿಂಗಳ ಹೆಸರೇ ‘ವಿಂಟರ್‌ಫಿಲ್ಲೆತ್’, ಚಳಿಗಾಲದ ಹುಣ್ಣಿಮೆ ಎಂಬ ಅರ್ಥದಲ್ಲಿ.

ಬೇವುಲ್ಫ್‌ನಲ್ಲಿ ಇದರ ಗುರುತು ಉಳಿದಿದೆ. ಮುದಿ ರಾಜ ಹ್ರೋತ್‌ಗಾರ್ ತಾನು "ನೂರು ಮಿಸ್ಸೆರ" ಆಳಿದೆ ಎನ್ನುತ್ತಾನೆ. ಮಿಸ್ಸೆರ ಎಂದರೆ ಅರ್ಧವರ್ಷ. ಅಂದರೆ ಅವನದೂ ಐವತ್ತು ವರ್ಷವೇ.

ಕೊಟ್ಟಿಗೆ
ಹಳೇಕಡತ ಸಾರ್, ತಿಂಗಳ ಹೆಸ್ರೆಲ್ಲ ಹೇಳಿ ಸ್ವಲ್ಪ.

ಹಳೇಕಡತ
ಎಲ್ಲವನ್ನೂ ಟೈಪಿಸಲು ಬೆರಳು ನೋಯುತ್ತದೆ, ರುಚಿಯಾದ ಕೆಲವು ಸಾಕು. ಮೇ ತಿಂಗಳಿಗೆ ‘ಥ್ರಿಮಿಲ್ಕಿ’, ಏಕೆಂದರೆ ಆಗ ಹಸುಗಳನ್ನು ದಿನಕ್ಕೆ ಮೂರು ಸಲ ಕರೆಯುತ್ತಿದ್ದರು. ಆಗಸ್ಟ್ ಹೊಲದ ಕಳೆಯ ತಿಂಗಳು. ನವೆಂಬರ್ ‘ಬ್ಲೋಡ್‌ಮೋನತ್’, ರಕ್ತದ ತಿಂಗಳು, ಕಡಿಯಬೇಕಾದ ದನಗಳನ್ನು ದೇವತೆಗಳಿಗೆ ಮುಡಿಪಿಡುತ್ತಿದ್ದರು. ಡಿಸೆಂಬರ್ ಮತ್ತು ಜನವರಿ ಎರಡಕ್ಕೂ ‘ಗಿಯುಲಿ’, ಇಂದಿನ ‘ಯೂಲ್’. ವರ್ಷ ಶುರುವಾಗುತ್ತಿದ್ದುದು ಡಿಸೆಂಬರ್ 25ಕ್ಕೆ. ಆ ರಾತ್ರಿಗೆ ‘ತಾಯಂದಿರ ರಾತ್ರಿ’ ಎಂದು ಹೆಸರು.

ಕೊಟ್ಟಿಗೆ
ಮೂರೊತ್ತು ಹಾಲು ಕರೆಯೋದಾ! ನಮ್ಮನೇಲಿ ಎರಡೊತ್ತು ಕರೆಯೋಕೇ ನಾನೂ ನಮ್ಮಣ್ಣನೂ ಜಗಳ ಆಡ್ತೀವಿ. ಆದ್ರೆ ಅರ್ಥ ಆಯ್ತದೆ ಕಣ್ರೀ. ಚಳಿಗಾಲ ಪೂರ್ತಿ ಒಣಹುಲ್ಲು ತಿಂದು ಪಕ್ಕೆಲುಬು ಕಾಣೋ ಹಸುಗೆ ಹಸಿ ಮೇವು ಸಿಕ್ರೆ ಕೆಚ್ಚಲು ಬಿಗೀತದೆ. ಅದನ್ನ ನೋಡಿದವನೇ ಆ ತಿಂಗಳಿಗೆ ಹೆಸರಿಟ್ಟಿರೋದು, ಪುಸ್ತಕ ಓದಿದವನಲ್ಲ.

ಪಂಚಾಂಗ_ಪ್ರಿಯ
ಬೀಡ್‌ನ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ‘ಲಿಥ’. ಜೂನ್, ಜುಲೈ ಎರಡೂ ಲಿಥ. ಚಾಂದ್ರಮಾನ ತಿಂಗಳು ಸೂರ್ಯನಿಗಿಂತ ಹಿಂದೆ ಬಿದ್ದಾಗ ಬೇಸಿಗೆಯಲ್ಲಿ ಮೂರನೇ ಲಿಥ ಸೇರಿಸಿ ಹದಿಮೂರು ತಿಂಗಳು ಮಾಡುತ್ತಿದ್ದರು. ನಮ್ಮ ಅಧಿಕ ಮಾಸವೇ! ಇಲ್ಲಿ 19 ವರ್ಷಕ್ಕೆ ಏಳು ಅಧಿಕ ಮಾಸ. ಅವರ ಚರ್ಚು ಈಸ್ಟರ್ ದಿನಾಂಕ ಲೆಕ್ಕ ಹಾಕುತ್ತಿದ್ದುದೂ ಅದೇ 19 ವರ್ಷದ ಚಕ್ರದಲ್ಲಿ. ಚಂದ್ರ ಎಲ್ಲರಿಗೂ ಒಬ್ಬನೇ ತಾನೆ.

ಸಂಶಯಾತ್ಮ
ಸ್ವಲ್ಪ ತಡೀರಿ. ಎಲ್ಲರೂ ಬೀಡ್ ಬೀಡ್ ಅಂತಿದ್ದೀರಿ. ಅವನನ್ನ ಏಳನೇ ವಯಸ್ಸಿಗೇ ಮಠಕ್ಕೆ ಬಿಟ್ಟಿದ್ರು. ಅವನು ಬರೆಯೋ ಹೊತ್ತಿಗೆ ಅವನ ನಾಡು ನಾರ್ತಂಬ್ರಿಯಾದ (ಉತ್ತರ ಇಂಗ್ಲೆಂಡಿನ ರಾಜ್ಯ) ರಾಜ ಕ್ರೈಸ್ತನಾಗಿ ಹತ್ತಿರ ನೂರು ವರ್ಷ ಆಗಿತ್ತು. ಹಳೇ ದೇವತೆಗಳ ಪೂಜೆ ಅವನು ಕಣ್ಣಾರೆ ಕಂಡಿರೋ ಸಾಧ್ಯತೆ ಕಮ್ಮಿ. ಏಪ್ರಿಲ್‌ಗೆ ‘ಈಯೋಸ್ಟ್ರೆ’ ಅನ್ನೋ ದೇವತೆಯ ಹೆಸರು ಅಂತಾನೆ, ಆ ದೇವತೆ ಬೇರೆ ಯಾರ ಬರಹದಲ್ಲೂ ಇಲ್ಲ. ತಿಂಗಳ ಹೆಸರಿಗೆ ಅವನೇ ಒಂದು ದೇವಿಯನ್ನ ಊಹಿಸಿಕೊಂಡಿರಬಹುದು.

ಮಳೆಬಿಲ್ಲು
ಈಸ್ಟರ್ ಮೊಲ ಆ ದೇವಿಯ ವಾಹನ ಅಲ್ವಾ? ರೀಲ್ಸ್‌ನಲ್ಲಿ ನೋಡಿದ್ದೆ.

ಹಳೇಕಡತ
ಇಲ್ಲ. ಮೊಲ, ಮೊಟ್ಟೆ ಒಂದೂ ಆಂಗ್ಲೋ-ಸ್ಯಾಕ್ಸನ್ ಬರಹಗಳಲ್ಲಿ ಆ ದೇವಿಯ ಜೊತೆ ಬರುವುದಿಲ್ಲ. ಅವನ್ನು ಅವಳಿಗೆ ಜೋಡಿಸಿದ್ದು 19ನೇ ಶತಮಾನದವರ ಊಹೆ.

ಸಂಶಯಾತ್ಮರಿಗೆ: ಊಹೆ ಎಂದು ಪೂರ್ತಿ ತಳ್ಳಿಹಾಕುವುದೂ ಕಷ್ಟ. 1958ರಲ್ಲಿ ಜರ್ಮನಿಯ ಮೋರ್ಕೆನ್-ಹಾರ್ಫ್ ಬಳಿ ರೋಮನ್ ಕಾಲದ ನೂರೈವತ್ತಕ್ಕೂ ಹೆಚ್ಚು ಶಾಸನಗಳು ಸಿಕ್ಕಿದವು. ‘ಆಸ್ಟ್ರಿಯಾಹೇನೆ’ ಎಂಬ ಮಾತೃದೇವತೆಯರಿಗೆ ಹರಕೆ ಒಪ್ಪಿಸಿದ ಕಲ್ಲುಗಳು. ಹೆಸರಿನ ಬೇರು ಈಯೋಸ್ಟ್ರೆಯದೇ. ಅದು ಬೀಡ್ ಹೇಳಿದ ದೇವಿಯೇ ಎನ್ನಲು ಸಾಕ್ಷ್ಯವಲ್ಲ, ಆದರೆ ಹುಟ್ಟಿಸಿಕೊಂಡು ಹೇಳಿದ ಎನ್ನುವವರ ಬಾಯಿ ಸ್ವಲ್ಪ ಕಟ್ಟುತ್ತದೆ.

ಸಂಶಯಾತ್ಮ
ನನ್ನ ಬಾಯಿ ಕಟ್ಟೋದು ಅಷ್ಟು ಸುಲಭ ಅಲ್ಲ ಸರ್ 😀 ಮುಂದೆ ಹೋಗೋಣ.

ಕಡಲೂರು_ಭಟ್ರು
ಒಂದು ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೇ. ಅವರು ಚಳಿಗಾಲ ಎಣಿಸಿದ್ದಕ್ಕೆ ಆಶ್ಚರ್ಯ ಪಡ್ತಾ ಇದ್ದೇವಲ್ಲ, ನಾವು ಎಣಿಸುವುದು ಏನು? "ವರ್ಷ" ಅಂದ್ರೆ ಮಳೆ! ನಂಗೆ 61 ವರ್ಷ ಅಂದ್ರೆ 61 ಮಳೆಗಾಲ ಕಂಡವ ಅಂತ ಅರ್ಥ. ಆಶೀರ್ವಾದದಲ್ಲಿ ನೂರು ಶರದೃತು ಬದುಕು ಅಂತೇವೆ. ಋಗ್ವೇದದಲ್ಲಿ "ಶತಂ ಹಿಮಾಃ" ಅಂತಲೂ ಉಂಟು, ನೂರು ಹಿಮಗಾಲ. ಎಲ್ಲಿ ಯಾವುದು ದಾಟ್ಲಿಕ್ಕೆ ಕಷ್ಟವೋ ಅದನ್ನು ಎಣಿಸುವುದು.

ಟೈನ್_ತೀರದವಳು
ಭಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ! "ಎಷ್ಟು ವರ್ಷ" ಅಂತ ದಿನಾ ಅಂತೀವಿ, ಒಂದು ದಿನವೂ ಮಳೆ ನೆನಪಾಗಿಲ್ಲ.

ಹಳೇಕಡತ
ಭಟ್ಟರ ಮಾತು ಚೆಂದ, ಆದರೆ ಸಣ್ಣ ತಕರಾರು. ಶರದೃತು ದಾಟಲು ಕಷ್ಟವಾದ ಕಾಲವಲ್ಲವಲ್ಲ? ಕಷ್ಟದ್ದನ್ನೇ ಎಣಿಸುತ್ತಾರೆ ಎಂಬ ನಿಯಮ ನಿಲ್ಲುವುದಿಲ್ಲ.

ಕಡಲೂರು_ಭಟ್ರು
ಆಯ್ತು, ನಿಯಮ ವಾಪಸ್. ಮಳೆ ಮಾತ್ರ ಬಿಡ್ಲಿಕ್ಕೆ ಆಗುದಿಲ್ಲ, ನೀವು ಜುಲೈಯಲ್ಲಿ ಒಮ್ಮೆ ನಮ್ಮೂರಿಗೆ ಬನ್ನಿ.

ಕಾಡುಮಲ್ಲಿಗೆ
ಕೋಗಿಲೆ ವಿಷಯಕ್ಕೆ ಬರ್ತೀನಿ. ಮೊದಲನೆಯದು, ಅದು ನಮ್ಮ ಕೋಗಿಲೆ ಅಲ್ಲ. ಅಲ್ಲಿಯದು ‘ಕುಕ್ಕೂ’, ಬೂದು ಬಣ್ಣದ ಹಕ್ಕಿ, ಆಫ್ರಿಕಾದಿಂದ ಏಪ್ರಿಲ್‌ನಲ್ಲಿ ಬರುತ್ತೆ. ಎರಡೇ ಸ್ವರ, ಕುಕ್-ಕೂ, ಎರಡನೆಯದು ಇಳಿಯುತ್ತೆ. ನಮ್ಮ ಕೋಗಿಲೆ ಹಾಗಲ್ಲ, ಏರ್ತಾ ಏರ್ತಾ ಹೋಗುತ್ತೆ. ಇಳಿಯೋ ಸ್ವರ ಕೇಳಿದವರಿಗೆ ಅಳು ಅನ್ನಿಸಿದ್ರೆ ತಪ್ಪೇನು?

ಎರಡನೆಯದು, ಆ ಸಾಲುಗಳನ್ನ ಸುತ್ತಮುತ್ತ ಸೇರಿಸಿ ಓದಿ. ಅದಕ್ಕೂ ಮುಂಚೆ ತೋಪು ಹೂ ಬಿಡುತ್ತೆ, ಊರು ಚೆಲುವಾಗುತ್ತೆ, ಬಯಲು ಬೆಳಗುತ್ತೆ, ಲೋಕ ಚುರುಕಾಗುತ್ತೆ ಅಂತ ಬರುತ್ತೆ. ಇದೆಲ್ಲ ನೋಡಿದವನಿಗೆ ಏನನ್ನಿಸುತ್ತೆ? ಹೊರಡಬೇಕು. ಚಳಿಗಾಲದಲ್ಲಿ ಮುಚ್ಚಿದ್ದ ಕಡಲು ತೆರೀತು. ಆಮೇಲೆ ಬರುತ್ತೆ ಕೋಗಿಲೆ: "ಬೇಸಿಗೆಯ ಕಾವಲುಗಾರ ಹಾಡುತ್ತಾನೆ, ಎದೆಯ ಭಂಡಾರಕ್ಕೆ ಕಹಿ ದುಃಖ ಸಾರುತ್ತಾನೆ." ಮನೆ ಬಿಡೋ ಹೊತ್ತು ಬಂತು ಅಂತ ಕೂಗೋ ಹಕ್ಕಿ ಅದು. ಇಲ್ಲಿ ಹೊರಡೋದು ಅಂದ್ರೆ ದೇವರಿಗಾಗಿ ಊರು ಬಿಡೋದೂ ಹೌದು. ಪದ್ಯದ ಕೊನೆ ಪೂರ್ತಿ ಪರಲೋಕದ ಮಾತೇ.

ಇದೇ ಹಕ್ಕಿ ಸಂತ ಗುತ್‌ಲಾಕ್‌ನ ಪದ್ಯದಲ್ಲಿ ಸಂತೋಷದ ಸುದ್ದಿ ತರುತ್ತೆ. ಹಾಗಾಗಿ "ಅವರಿಗೆ ವಸಂತ ಬೇಡವಾಗಿತ್ತು" ಅಂತ ತೀರ್ಮಾನ ಮಾಡಬೇಡಿ.

ಮಳೆಬಿಲ್ಲು
ಪಂಪ ಬನವಾಸಿಯಲ್ಲಿ ಕೋಗಿಲೆಯಾಗಿ ಹುಟ್ಟಿದ್ರೂ ಸಾಕು ಅಂದ. ಇವರು ಕೋಗಿಲೆ ಕೂಗಿದ್ರೆ ಪೆಟ್ಟಿಗೆ ಕಟ್ತಾರೆ.

ಕಾಡುಮಲ್ಲಿಗೆ
ಹ್ಹ ಹ್ಹ. ಇಬ್ಬರೂ ಒಂದೇ ಶತಮಾನದ ಆಸುಪಾಸು ನೋಡಿ. ಪಂಪ 941. ಸೀಫೇರರ್ ಇರೋ ಎಕ್ಸೆಟರ್ ಹಸ್ತಪ್ರತಿ ನಕಲಾಗಿದ್ದು 10ನೇ ಶತಮಾನದ ಕೊನೆ ಭಾಗದಲ್ಲಿ.

ಸಂಶಯಾತ್ಮ
ನನ್ನ ಮುಖ್ಯ ತಕರಾರು ಈಗ. ಈ ಪದ್ಯಗಳ ಚಳಿ ನಿಜವಾದ ಚಳಿಯಾ? ‘ವಾಂಡರರ್’ (ಅಲೆಮಾರಿ) ಅನ್ನೋ ಪದ್ಯದಲ್ಲಿ ಒಡೆಯನನ್ನ ಕಳಕೊಂಡವನಿಗೆ "ವಿಂಟರ್‌ಚ್ಯಾರಿ" ಅಂತ ಒಂದು ಪದ ಇದೆ, ಚಳಿಗಾಲದಷ್ಟು ದುಃಖ ಹೊತ್ತವನು. ಹಿಮ, ಆಲಿಕಲ್ಲು, ಒಡೆಯನಿಲ್ಲದ ಒಂಟಿತನ ಇವೆಲ್ಲ ಕವಿಗಳ ಚೀಲದಲ್ಲಿದ್ದ ಸಿದ್ಧ ಸಾಮಾನು. ನಮ್ಮಲ್ಲಿ ವಿರಹ ಅಂದ ಕೂಡ್ಲೇ ಬೆಳದಿಂಗಳು ಸುಡುತ್ತಲ್ಲ, ಹಾಗೆ. ಅದನ್ನ ಓದಿ "ಪಾಪ, ಎಷ್ಟು ಚಳಿ ಇತ್ತು" ಅನ್ನೋದು ಬೆಳದಿಂಗಳಿಗೆ ಬರ್ನಾಲ್ ಹಚ್ಚಿದ ಹಾಗೆ.

ಮಳೆಬಿಲ್ಲು
ಆಗ ‘ಲಿಟ್ಲ್ ಐಸ್ ಏಜ್’, ಅಂದ್ರೆ ಯುರೋಪಿನಲ್ಲಿ ಚಳಿ ಜಾಸ್ತಿಯಾಗಿದ್ದ ಕಾಲ, ಇತ್ತಲ್ವಾ?

ಹಳೇಕಡತ
ಅದು ಬಹಳ ನಂತರದ್ದು. ಆಂಗ್ಲೋ-ಸ್ಯಾಕ್ಸನ್ ಕಾಲದ ಆರಂಭದಲ್ಲಿ 536ರ ಜ್ವಾಲಾಮುಖಿಯ ಬೂದಿ ಸೂರ್ಯನನ್ನು ಮಂಕಾಗಿಸಿ ಯುರೋಪಿನಲ್ಲಿ ಚಳಿ ತಂದದ್ದು ಹೌದು, ಆದರೆ ಈ ಹಸ್ತಪ್ರತಿಗಳು ಅದಕ್ಕಿಂತ ನಾನೂರು ವರ್ಷ ಈಚಿನವು.

ಕಾಡುಮಲ್ಲಿಗೆ
ಸಂಶಯಾತ್ಮ, ಬರ್ನಾಲ್ ಚೆನ್ನಾಗಿತ್ತು. ಆದ್ರೆ ಒಂದು ಸಾಲು ತೋರಿಸ್ತೀನಿ, ಸಿದ್ಧ ಸಾಮಾನು ಅಂತ ಹೇಳಿ ನೋಡೋಣ. ಗಾದೆಗಳನ್ನ ಪೋಣಿಸಿದ ಒಂದು ಪದ್ಯ ಇದೆ, ಒಂದು ಚರಿತ್ರೆಯ ಹಸ್ತಪ್ರತಿಯಲ್ಲೇ ಸೇರ್ಕೊಂಡಿದೆ. ನಾನು ಕನ್ನಡಕ್ಕೆ ತಂದದ್ದು, ಒರಟಾಗಿದ್ರೆ ಕ್ಷಮಿಸಿ:

"ಚಳಿಗಾಲ ಎಲ್ಲಕ್ಕಿಂತ ತಣ್ಣಗೆ. ವಸಂತದಲ್ಲಿ ಹೆಪ್ಪಿಟ್ಟ ಇಬ್ಬನಿ ಎಲ್ಲಕ್ಕಿಂತ ಹೆಚ್ಚು, ಅದರ ಚಳಿ ಬೇಗ ಬಿಡದು. ಬೇಸಿಗೆಗೆ ಬಿಸಿಲಿನ ಚೆಲುವು. ಸುಗ್ಗಿ ಭಾಗ್ಯದ ಕಾಲ, ದೇವರು ಕಳಿಸಿದ ವರ್ಷದ ಬೆಳೆಯನ್ನು ಜನರಿಗೆ ತರುವುದು."

ವಸಂತಕ್ಕೆ ಹೂವಿಲ್ಲ, ದುಂಬಿಯಿಲ್ಲ, ಹೆಪ್ಪಿಟ್ಟ ಇಬ್ಬನಿ! ಪುಸ್ತಕ ನೋಡಿ ಬರೆಯೋನು ಹೀಗೆ ಬರೆಯಲ್ಲ. ಬಿಸಿಲು ಕಂಡಿತಲ್ಲ ಅಂತ ಹೊರಗೆ ಕಾಲಿಟ್ಟು ಬೆರಳು ಮರಗಟ್ಟಿಸಿಕೊಂಡವನ ಮಾತು ಇದು.

ಟೈನ್_ತೀರದವಳು
ಇದು ಸತ್ಯ ಸತ್ಯ ಸತ್ಯ. ಹೋದ ವರ್ಷ ಮಾರ್ಚಲ್ಲಿ ಬಿಸಿಲು ನೋಡಿ ಸ್ವೆಟರ್ ಇಲ್ದೆ ಹೋಗಿ ಒಂದು ವಾರ ಮಲಗಿದ್ದೆ.

ಹಳೇಕಡತ
‘ಸುಗ್ಗಿ’ ಎಂದು ಇಟ್ಟದ್ದು ಸರಿಯಾಗಿದೆ. ಮೂಲದ ‘ಹ್ಯಾರ್ವೆಸ್ಟ್’ ಅವರಿಗೆ ಋತುವಿನ ಹೆಸರೇ, ಕೊಯ್ಲು ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ. ಹಾಗೆಯೇ ವಸಂತಕ್ಕೆ ‘ಲೆಂಕ್ಟೆನ್’, ಹಗಲು ಉದ್ದವಾಗುವುದರಿಂದ ಬಂದ ಹೆಸರು. ಈಸ್ಟರಿನ ಹಿಂದಿನ ನಲವತ್ತು ದಿನದ ಉಪವಾಸ ಆ ಕಾಲದಲ್ಲೇ ಬೀಳುತ್ತಿದ್ದರಿಂದ ಇಂದಿನ ‘ಲೆಂಟ್’ ಬಂತು. ಋತು ಮರೆಯಾಯಿತು, ಉಪವಾಸ ಉಳಿಯಿತು.

ಪಂಚಾಂಗ_ಪ್ರಿಯ
ಉಪವಾಸ ಅಂದ ಕೂಡಲೇ ನೆನಪಾಯಿತು. ಈಸ್ಟರ್ ಯಾವತ್ತು ಅನ್ನುವುದರಲ್ಲಿ ನಾರ್ತಂಬ್ರಿಯಾದ ರಾಜ ಓಸ್ವಿಯು ಐರಿಷ್ ಲೆಕ್ಕದವನು, ಕೆಂಟ್‌ನಲ್ಲಿ ಬೆಳೆದ ರಾಣಿ ಈಯನ್‌ಫ್ಲೆಡ್ ರೋಮನ್ ಲೆಕ್ಕದವಳು. ಹಾಗಾಗಿ ರಾಜ ಈಸ್ಟರ್ ಊಟಕ್ಕೆ ಕೂತಿದ್ದರೆ ರಾಣಿ ಇನ್ನೂ ಒಂದು ವಾರ ಹಿಂದಿನ ಗರಿಗಳ ಭಾನುವಾರದಲ್ಲಿ ಉಪವಾಸ! ಕೊನೆಗೆ 664ರಲ್ಲಿ ವಿಟ್ಬಿ ಮಠದಲ್ಲಿ ಸಭೆ ಸೇರಿಸಿ ರೋಮನ್ ಲೆಕ್ಕವೇ ಸರಿ ಎಂದು ರಾಜನೇ ತೀರ್ಪು ಕೊಟ್ಟ.

ಕಡಲೂರು_ಭಟ್ರು
ನಮ್ಮಲ್ಲಿ ಒಂದೇ ಬೀದಿಯಲ್ಲಿ ಸ್ಮಾರ್ತರಿಗೆ ಇವತ್ತು ಏಕಾದಶಿ, ವೈಷ್ಣವರಿಗೆ ನಾಳೆ. ಸಭೆ ಸೇರಿಸಿದ್ರೆ ಇನ್ನೂ ನಾಲ್ಕು ಏಕಾದಶಿ ಹುಟ್ಟಿಯಾವು.

ಸಂಶಯಾತ್ಮ
ಕಾಡುಮಲ್ಲಿಗೆ ಅವರ ಇಬ್ಬನಿ ಸಾಲು ಒಪ್ಪಿದೆ, ಸೋತೆ. ಆದ್ರೆ ಪ್ರಶ್ನೆ ಉಳಿದೇ ಇದೆ. ಬರೆದವರೆಲ್ಲ ಮಠದವರು, ಓದಿದವರು ದೊರೆಗಳು. ಉಳೋನ ಚಳಿ ಎಲ್ಲಿ?

ಕಾಡುಮಲ್ಲಿಗೆ
ಇದೆ. ಆಲ್ಫ್ರಿಕ್ ಅನ್ನೋ ಸನ್ಯಾಸಿ ಮಠದ ಹುಡುಗರಿಗೆ ಲ್ಯಾಟಿನ್ ಮಾತು ಕಲಿಸೋಕೆ ಒಂದು ಸಂಭಾಷಣೆ ಬರೆದ. ಅದರಲ್ಲಿ ಒಬ್ಬ ಆರಂಬಗಾರ ಬರ್ತಾನೆ. ಬೆಳಕು ಹರಿಯೋ ಹೊತ್ತಿಗೆ ಎತ್ತು ಹೊಡಕೊಂಡು ಹೋಗ್ತೀನಿ, ಎಂಥ ಕಡು ಚಳಿ ಇದ್ರೂ ಒಡೆಯನ ಭಯಕ್ಕೆ ಮನೇಲಿ ಕೂರೋ ಧೈರ್ಯ ಇಲ್ಲ, ದಿನಕ್ಕೆ ಎಕರೆ ಇಲ್ಲಾ ಅದಕ್ಕಿಂತ ಹೆಚ್ಚು ಉಳಬೇಕು ಅಂತಾನೆ. ಜೊತೆಗೆ ಮುಳ್ಳುಗೋಲು ಹಿಡಿದ ಒಬ್ಬ ಹುಡುಗ. ಚಳಿಗೂ ಕೂಗಾಟಕ್ಕೂ ಅವನ ಗಂಟಲು ಕಟ್ಟಿಹೋಗಿದೆ. ತುಂಬಾ ಕಷ್ಟ ಅಲ್ವಾ ಅಂತ ಕೇಳಿದ್ರೆ "ಹೌದು, ಕಷ್ಟವೇ, ಯಾಕಂದ್ರೆ ನಾನು ಸ್ವತಂತ್ರನಲ್ಲ" ಅಂತಾನೆ.

ಸಂಶಯಾತ್ಮ
ಅದನ್ನೂ ಸನ್ಯಾಸಿಯೇ ಬರೆದದ್ದು!

ಕೊಟ್ಟಿಗೆ
ಬರೆದೋನು ಯಾರಾದ್ರೂ ಆಗ್ಲಿ ಸಾರ್, ಗಂಟ್ಲು ಕಟ್ಟಿದ ಹುಡುಗನ್ನ ಅವನು ನೋಡಿದಾನೆ. ನಮ್ಮಪ್ಪ ಆರು ಕಟ್ಟಿದ ದಿನ ಎತ್ತಿನ ಮುಂದೆ ಓಡ್ತಿದ್ದೋನು ನಾನೇ. ಸಂಜೆ ಸ್ವರಾನೇ ಇರ್ತಿರ್ಲಿಲ್ಲ. ಅದನ್ನ ಕೂತ್ಕೊಂಡು ಊಹೆ ಮಾಡಾಕಾಯ್ತದಾ?

ಹಳೇಕಡತ
ಕೊಟ್ಟಿಗೆಯವರ ಸಾಕ್ಷ್ಯಕ್ಕೆ ಕಾನೂನಿನ ಕಡೆಯಿಂದ ಒಂದು ಸೇರಿಕೆ. 9ನೇ ಶತಮಾನದ ಕೊನೆಯಲ್ಲಿ ರಾಜ ಆಲ್ಫ್ರೆಡ್ ಮಾಡಿದ ಕಟ್ಟಳೆಯಲ್ಲಿ ಸ್ವತಂತ್ರ ಜನರಿಗೆ ಕ್ರಿಸ್‌ಮಸ್‌ಗೆ ಹನ್ನೆರಡು ದಿನ, ಈಸ್ಟರ್‌ಗೆ ಹಿಂದೆ ಏಳು ಮುಂದೆ ಏಳು, ಸುಗ್ಗಿಯಲ್ಲಿ ಯೇಸುವಿನ ತಾಯಿ ಮರಿಯಳ ಹಬ್ಬಕ್ಕೆ ಮುಂಚೆ ಪೂರ್ತಿ ಒಂದು ವಾರ ಬಿಡುವು. ಜೀತದವರಿಗೆ ಈ ರಜೆಗಳಿಲ್ಲ. ವರ್ಷದಲ್ಲಿ ನಾಲ್ಕು ಬುಧವಾರ ಮಾತ್ರ, ದಾನ ಬಂದದ್ದನ್ನೋ ಬಿಡುವಿನಲ್ಲಿ ದುಡಿದದ್ದನ್ನೋ ಮಾರಿಕೊಳ್ಳಲು.

ಸಂಶಯಾತ್ಮ
ಇದನ್ನ ಮೊದಲೇ ಹೇಳಬಾರದಿತ್ತಾ. ಇದೇ ನನಗೆ ಬೇಕಾಗಿದ್ದು.

ಧಾರವಾಡ_ಪೇಢೆ
ತಡಾ ಆತು, ಎಲ್ಲಾ ಓದಿ ಬಂದೆ. ಅಕ್ಕಾರು ಕೇಳಿದ ಮೂರನೇ ಪ್ರಶ್ನಿಗೆ ಯಾರೂ ಕೈ ಹಚ್ಚಿಲ್ಲ. ಒಳಗ ಹಳೇದು ಐತೇನು ಅಂತ. ಐತ್ರೀ. 11ನೇ ಶತಮಾನದ ಒಂದು ಹಸ್ತಪ್ರತಿಯೊಳಗ ಹೊಲಕ್ಕ ಮಾಡೋ ಶಾಂತಿ ವಿಧಾನ ಐತಿ. ಹೊಲ ಬರಡಾದ್ರ ನಸುಕಿನ್ಯಾಗ ನಾಲ್ಕೂ ಮಗ್ಗಲದಿಂದ ಹುಲ್ಲು ಸಹಿತ ನಾಲ್ಕು ಮಣ್ಣಿನ ಹೆಂಟಿ ಕಡೀಬೇಕು. ಅದರ ಬುಡಕ್ಕ ಎಣ್ಣಿ, ಜೇನು, ಹುದುಗು, ಆ ಹೊಲದಾಗಿನ ಎಲ್ಲಾ ದನದ ಹಾಲು, ಪವಿತ್ರ ನೀರು ಹನಿಸಬೇಕು. ಆಮ್ಯಾಲೆ ಚರ್ಚಿಗೆ ಒಯ್ದು ಹಸಿರು ಬದಿ ವೇದಿಕಿ ಕಡೆ ಮಾಡಿ ಇಡೋದು, ಪಾದ್ರಿ ನಾಲ್ಕು ಪೂಜಿ ಹಾಡಬೇಕು. ಹೊತ್ತು ಮುಳುಗೋದ್ರೊಳಗ ತಿರುಗಿ ಹೊಲದಾಗ ಇಡಬೇಕು.

ಇನ್ನೂ ಐತಿ. ಭಿಕ್ಷುಕರ ಕಡಿಂದ ಗುರುತಿಲ್ಲದ ಬೀಜ ಇಸಕೊಂಡು ಅದರ ಎರಡರಷ್ಟು ಅವರಿಗೆ ತಿರುಗಿ ಕೊಡಬೇಕು. ನೇಗಿಲಕ್ಕ ತೂತು ಕೊರದು ಧೂಪ, ಉಪ್ಪು, ಸೋಂಪಿನ ಗಿಡ ತುರುಕಬೇಕು. ಆಮ್ಯಾಲೆ ಹಾಡೋದು "ಎರ್ಚೆ, ಎರ್ಚೆ, ಎರ್ಚೆ, ಭೂತಾಯಿ." ಮೊದಲ ಸಾಲು ಹೊಡದ ಕೂಡಲೇ ಅದರಾಗ ಒಂದು ರೊಟ್ಟಿ ಇಡೋದು. ನಮ್ಮ ಅವ್ವ ಸೀಗಿ ಹುಣ್ಣಿಮಿಗೆ ಚರಗ ಚೆಲ್ಲೋದು ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಹಳೇಕಡತ
ಒಂದು ತಿದ್ದುಪಡಿ. "ಎರ್ಚೆ" ಸಾಲಿನಲ್ಲಿರುವುದು "ಭೂಮಿಯ ತಾಯಿ", ಭೂಮಿಯೇ ತಾಯಿ ಎಂದಲ್ಲ. ಆದರೆ ಅದೇ ಪ್ರಯೋಗದಲ್ಲಿ ಮುಂದೆ "ಎಲೈ ಭೂಮಿ, ಮನುಷ್ಯರ ತಾಯಿ" ಎಂದು ನೇರವಾಗಿಯೇ ಬರುತ್ತದೆ. ಪೇಢೆಯವರು ಅರ್ಧ ಸರಿ, ಇನ್ನರ್ಧ ಒಂದಷ್ಟು ಸಾಲು ಬಿಟ್ಟು ಸರಿ.

ಧಾರವಾಡ_ಪೇಢೆ
ನಿಮ್ಮ ಕೈಯಾಗ ಅರ್ಧ ಸರಿ ಅನ್ನಿಸ್ಕೊಂಡ್ರ ಸಾಕ್ರೀ, ಪಾಸಾದಂಗ.

ಕಾಡುಮಲ್ಲಿಗೆ
ಇದನ್ನ "ಮೇಲೆ ಕ್ರೈಸ್ತ, ಒಳಗೆ ಹಳೇದು" ಅಂತ ಸಿಪ್ಪೆ ಸುಲಿಯೋಕೆ ನನಗೆ ಮನಸ್ಸಿಲ್ಲ. ಪಾದ್ರಿಯೇ ಪೂಜೆ ಹಾಡ್ತಾನೆ, ಹೊಲದವನಿಗೆ ಅದು ಎರಡು ಧರ್ಮ ಅಂತ ಅನ್ನಿಸಿರಲ್ಲ. ಆಗಸ್ಟ್ 1ರ ‘ಲಾಮಸ್’ ನೋಡಿ, ಹೊಸ ಗೋಧಿಯ ರೊಟ್ಟಿಯನ್ನ ಚರ್ಚಿನಲ್ಲಿ ಹರಸೋ ದಿನ. ಆ ಹರಸಿದ ರೊಟ್ಟಿಯನ್ನ ನಾಲ್ಕು ತುಂಡು ಮಾಡಿ ಕಣಜದ ನಾಲ್ಕು ಮೂಲೆಗೆ ಪುಡಿ ಉದುರಿಸಿ ಅಂತ ಒಂದು ಕಡೆ ಬರೆದಿದೆ, ಕಾಳು ಕೆಡಬಾರದು ಅಂತ.

ಬೇವುಲ್ಫ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಮೆಯೂ ಅದೇ ಥರ. ರಾಕ್ಷಸರ ರಕ್ತ ತಾಗಿ ಕತ್ತಿ ಕರಗಿಹೋಗುತ್ತೆ. ಹೇಗೆ? ಕಾಲಗಳ ಮೇಲೆ ಅಧಿಕಾರ ಇರೋ ತಂದೆ ಹಿಮದ ಕಟ್ಟನ್ನ ಬಿಚ್ಚಿ ನೀರಿನ ಹಗ್ಗ ಸಡಿಲಿಸಿದಾಗ ಮಂಜುಗಡ್ಡೆ ಕರಗೋ ಹಾಗೆ. ಚಳಿಗಾಲ ಅಂದ್ರೆ ಕಟ್ಟಿಹಾಕೋದು, ದೇವರು ಅಂದ್ರೆ ಬಿಚ್ಚೋನು.

ಟೈನ್_ತೀರದವಳು
ಜಾರೋದಲ್ಲಿ ಗೈಡ್ ಗುಬ್ಬಿ ಕಥೆ ಹೇಳಿದ್ರು, ಅರ್ಧ ಕೇಳಿಸ್ಕೊಂಡೆ. ಅದೂ ಬೀಡ್ ಬರೆದದ್ದೇ ಅಲ್ವಾ?

ಹಳೇಕಡತ
ಹೌದು, 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ. ರಾಜ ಎಡ್ವಿನ್ ಹೊಸ ಧರ್ಮಕ್ಕೆ ಸೇರಬೇಕೇ ಎಂದು ಸಭೆ ಕರೆದಾಗ ಹೆಸರು ತಿಳಿಯದ ಒಬ್ಬ ಸರದಾರ ಹೇಳಿದ ಮಾತು. ಅರಸೇ, ಚಳಿಗಾಲದಲ್ಲಿ ನೀವು ಊಟಕ್ಕೆ ಕೂತಿದ್ದೀರಿ. ನಡುವೆ ಬೆಂಕಿ, ಹೊರಗೆ ಮಳೆ ಹಿಮದ ಬಿರುಗಾಳಿ. ಒಂದು ಗುಬ್ಬಿ ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ಹಾರಿಹೋಗುತ್ತದೆ. ಒಳಗಿರುವಷ್ಟು ಹೊತ್ತು ಬೆಚ್ಚಗೆ, ಮತ್ತೆ ಚಳಿಗಾಲದಿಂದ ಚಳಿಗಾಲಕ್ಕೆ. ಮನುಷ್ಯನ ಬಾಳೂ ಅಷ್ಟೇ, ಮೊದಲೇನು ಆಮೇಲೇನು ನಮಗೆ ತಿಳಿಯದು, ಈ ಹೊಸ ಬೋಧನೆ ಹೇಳುತ್ತದೆಯಾದರೆ ಕೇಳೋಣ. ಎಡ್ವಿನ್ 627ರ ಈಸ್ಟರ್ ದಿನ ಯಾರ್ಕ್‌ನಲ್ಲಿ ದೀಕ್ಷೆ ಪಡೆದ.

ಸಂಶಯಾತ್ಮ
ಬೀಡ್ ಈ ಮಾತನ್ನ ತಾನೇ ಬರೆದು ಸರದಾರನ ಬಾಯಿಗೆ ಹಾಕಿರಬಹುದು ಅಂತ ಹೇಳೋಣ ಅಂತ ಬಂದೆ. ಬೇಡ ಬಿಡಿ, ಗುಬ್ಬಿ ಚೆನ್ನಾಗಿದೆ.

ಕೊಟ್ಟಿಗೆ
ಒಳಗೆ ಬಂದ ಗುಬ್ಬಿ ಹೊರಗೆ ಯಾಕೆ ಹೋಯ್ತು ಅಂತ. ನಮ್ಮನೆ ಗುಬ್ಬಿ ಆಗಿದ್ರೆ ಗೂಡು ಕಟ್ಕೊಂಡಿರೋದು.

ಕಾಡುಮಲ್ಲಿಗೆ
ಟೈನ್ ಅಕ್ಕ, ಏಪ್ರಿಲ್ ಕೊನೇಲಿ ಊರಾಚೆ ಎಲ್ಲಾದ್ರೂ ಕುಕ್ಕೂ ಕೇಳಿಸಿದ್ರೆ ರೆಕಾರ್ಡ್ ಮಾಡಿ ಹಾಕ್ತೀರಾ? ಇಳಿಯೋ ಸ್ವರ ಅಂತ ಇಷ್ಟೊತ್ತು ವಾದ ಮಾಡಿದ್ದೀನಿ, ಮರ್ಯಾದೆ ಪ್ರಶ್ನೆ.

ಟೈನ್_ತೀರದವಳು
ಹಾಕ್ತೀನಿ. ಈ ಸಲ ಸ್ವೆಟರ್ ಹಾಕ್ಕೊಂಡು ಹೋಗ್ತೀನಿ. 3:40 ಆಯ್ತು, ಲೈಟ್ ಹಾಕಿ ಬರ್ತೀನಿ ಇರಿ.